ಬಾಗಿಲು, ಕದ, ಬೆಳಕಿಂಡಿ: ಮನೆಮಠಗಳ ಮರಗೆಲಸದ ಮಾತುಗಳ ಇತಿಹಾಸವಿಚಾರ

ಶ್ರೀಮಠದ ಮಹೋತ್ಸವದ ಈ ಸಂಸ್ಮರಣ ಸಂಪುಟದಲ್ಲಿ ಗುರುಪರಂಪರೆ, ಶಾಸನ, ಸಾಹಿತ್ಯ ಮೊದಲಾದ ಗುರುವಾದ ವಿಷಯಗಳ ನಡುವೆ ಬಾಗಿಲು ಕಿಟಕಿಗಳ ಹೆಸರುಗಳನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ಅಲ್ಪವಿಷಯವೆಂದು ತೋರಬಹುದು. ಆದರೆ ಇತಿಹಾಸವು ತಾಮ್ರಪಟಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಮಾತ್ರವೇ ಅಡಗಿರುವುದಿಲ್ಲ. ಅರಸನು ಬಿಟ್ಟ ದತ್ತಿಯನ್ನು ಶಾಸನವು ಹೇಳುತ್ತದೆ. ಆ ದತ್ತಿಯಿಂದ ಬಾಳಿದ ಒಕ್ಕಲಿನ ಮನೆಗೆ ಬೆಳಕು ಯಾವ ಕಡೆಯಿಂದ ಬರುತ್ತಿದ್ದಿತು, ಇರುಳಿನಲ್ಲಿ ಆ ಮನೆಯವರು ಕದವನ್ನು ಯಾವುದರಿಂದ ಬಿಗಿಯುತ್ತಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳತಕ್ಕವು ನಮ್ಮ ಬಾಯಲ್ಲಿ ಇಂದಿಗೂ ಆಡುತ್ತಿರುವ ಮಾತುಗಳೇ. ಒಂದೊಂದು ಮಾತೂ ಒಂದೊಂದು ಕಿರುಶಾಸನವೆಂದು ತಿಳಿಯತಕ್ಕದ್ದು. ಕಲ್ಲಿನ ಶಾಸನವು ಒಡೆದರೆ ಚೂರುಗಳಾದರೂ ಉಳಿಯುವುವು. ಮಾತು ಮರೆಯಾದರೆ ಏನೂ ಉಳಿಯದು. ಈ ಕಾರಣದಿಂದಲೇ ಪ್ರಕೃತ ವಿಷಯವನ್ನು ಕೈಕೊಂಡಿರುವೆನು.

ಬಾಗಿಲೂ ಕದವೂ

ಮೊದಲು ಬಾಗಿಲನ್ನೇ ನೋಡೋಣ. ಇದು ಅಚ್ಚ ದೇಶ್ಯಶಬ್ದವು. ತಮಿಳಿನ 'ವಾಯಿಲ್', 'ವಾಸಲ್' ಎಂಬುವು ಇದರ ಸಹೋದರಶಬ್ದಗಳು. 'ವಾಯ್' ಅಥವಾ 'ಬಾಯ್' ಎಂದರೆ ಬಾಯಿ; 'ಇಲ್' ಎಂದರೆ ಮನೆ. ಮನೆಯ ಬಾಯಿಯೇ ಬಾಗಿಲು. ಆದುದರಿಂದ ಬಾಗಿಲೆಂಬುದು ಮೂಲದಲ್ಲಿ ಮರದ ಹಲಗೆಯ ಹೆಸರಲ್ಲ. ಗೋಡೆಯಲ್ಲಿ ಬಿಟ್ಟ ತೆರಪಿನ ಹೆಸರು. ಆ ತೆರಪನ್ನು ಮುಚ್ಚುವ ಮರಕ್ಕೆ ಬೇರೆಯೇ ಹೆಸರುಂಟು: ಅದು 'ಕದ'. ಇದು ತಮಿಳು ಮಲೆಯಾಳಗಳ 'ಕದವು' ಎಂಬುದಕ್ಕೆ ಸಮಾನವಾದ ಮಾತು. ಹಳಗನ್ನಡದಲ್ಲಿ ಕದಕ್ಕೆ 'ಪಡಿ' ಎಂದೂ ಹೆಸರಿದ್ದಿತು. ಪಡಿದೆರೆ ಎಂದರೆ ಕದವನ್ನು ತೆರೆಯುವುದು. ಸಂಸ್ಕೃತದಲ್ಲಿಯೂ ಈ ಭೇದವು ಸ್ಪಷ್ಟವಾಗಿರುವುದು. ಅಮರಸಿಂಹನು ತನ್ನ ಕೋಶದ ಪುರವರ್ಗದಲ್ಲಿ ದ್ವಾರ, ಪ್ರತೀಹಾರ ಎಂಬುವನ್ನು ತೆರಪಿಗೆ ಹೇಳಿ, ಕಪಾಟ, ಅರರ ಎಂಬುವನ್ನು ಕದಕ್ಕೆ ಬೇರೆಯಾಗಿಯೇ ಹೇಳಿರುವನು. ಪ್ರತೀಹಾರ ಶಬ್ದವು ಬಾಗಿಲಿಗೂ ಬಾಗಿಲು ಕಾಯುವವನಿಗೂ ಸಲ್ಲುವುದು. ಅದರ ತದ್ಭವವೇ ನಮ್ಮ 'ಪಡಿಹಾರ'. ಅರಮನೆಯ ಬಾಗಿಲಲ್ಲಿ ನಿಲ್ಲುವವನು ಪಡಿಹಾರಿ.

ಇನ್ನು ಕಪಾಟವೆಂಬ ಶಬ್ದದ ಗತಿಯನ್ನು ನೋಡಿರಿ. ಅದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ 'ಕಪಾಟು' ಎಂದಾಗಿ, ಬಟ್ಟೆಬರೆ ಪುಸ್ತಕಗಳನ್ನಿಡುವ ಪೆಟ್ಟಿಗೆಯ ಹೆಸರಾಯಿತು. ಅದರ ಇನ್ನೊಂದು ರೂಪವಾದ 'ಕವಾಟ'ವನ್ನು ಈಚಿನ ವೈದ್ಯಗ್ರಂಥಕಾರರು ಹೃದಯದೊಳಗೆ ರಕ್ತವನ್ನು ಒಂದೇ ಕಡೆಗೆ ಬಿಡುವ ತೆಳುಪೊರೆಗೆ ಹೆಸರಾಗಿ ಎತ್ತಿಕೊಂಡರು. ಹೀಗೆ ಮನೆಯ ಮುಂದಿದ್ದ ಕದವು ಒಂದು ಕಡೆ ಗೋಡೆಯ ಬದಿಗೂ ಮತ್ತೊಂದು ಕಡೆ ಎದೆಯ ಗೂಡಿಗೂ ಸೇರಿತು. ಆದರೆ ಕದವೆಂಬ ನಮ್ಮ ಮಾತನ್ನು ಮಾತ್ರ ನಗರವಾಸಿಗಳು ಬಹುಮಟ್ಟಿಗೆ ಬಿಟ್ಟಿದ್ದಾರೆ. ಇಂದು ತೆರಪಿಗೂ ಬಾಗಿಲು, ಹಲಗೆಗೂ ಬಾಗಿಲು, ಚೌಕಟ್ಟಿಗೂ ಬಾಗಿಲು. ಮೂರು ವಸ್ತುಗಳಿಗೆ ಒಂದೇ ಹೆಸರಾದರೆ ಒದಗುವ ತೊಡಕನ್ನು ಮುಂದೆ ಹೇಳುವೆನು.

ಬಾಗಿಲುಗಳಲ್ಲಿಯೂ ಸ್ಥಾನಭೇದದಿಂದ ಹೆಸರುಗಳ ಭೇದವುಂಟು. ಪಿರಿದೆಂಬುದು ಸಮಾಸದಲ್ಲಿ 'ಪೆರ್' ಎಂದಾಗಿ, ಪಕಾರವು ಹಕಾರವಾದಾಗ 'ಹೆಬ್ಬಾಗಿಲು' ಎಂಬ ರೂಪವು ಸಿದ್ಧಿಸಿತು. ಊರಿನ ಕೋಟೆಯ ಬಾಗಿಲು ಉತ್ತರದ ಕಡೆ 'ಅಗಸೆ' ಅಥವಾ 'ಅಗಸಿ' ಎನ್ನಿಸುವುದು. ಮನೆಯ ಮುಂದಿನದು ತಲೆಬಾಗಿಲು, ಹಿಂದಿನದು ಹಿತ್ತಿಲ ಬಾಗಿಲು, ಒಳಗಿನದು ನಡುಬಾಗಿಲು. ತಲೆಬಾಗಿಲೆಂದರೆ ತಲೆಯನ್ನು ಬಾಗಿಸಿ ಹೋಗತಕ್ಕದ್ದೆಂದು ಕೆಲವರು ಅರ್ಥ ಹೇಳುವುದುಂಟು. ಅನೇಕ ಗದ್ದುಗೆಗಳ ಒಳಬಾಗಿಲು ಗಿಡ್ಡವಾಗಿದ್ದು, ಭಕ್ತರು ಬಾಗಿಯೇ ಒಳಹೋಗುವುದನ್ನು ಕಂಡು ಈ ಅರ್ಥವು ಹುಟ್ಟಿರಬಹುದು. ಭಾವವು ಒಳ್ಳೆಯದೇ. ಆದರೆ ಶಬ್ದಶಾಸ್ತ್ರದ ದೃಷ್ಟಿಯಿಂದ ಇಲ್ಲಿ ತಲೆಯೆಂದರೆ ಮುಖ್ಯವಾದುದು ಎಂದೇ ಅರ್ಥ. ತಮಿಳಿನಲ್ಲಿಯೂ ಮುಖ್ಯದ್ವಾರಕ್ಕೆ 'ತಲೈವಾಸಲ್' ಎಂಬ ಹೆಸರಿರುವುದು ಇದಕ್ಕೆ ಸಾಕ್ಷಿ. ಊರಿನ ಹೆಸರುಗಳಲ್ಲಿಯೂ ಬಾಗಿಲು ನಿಂತಿದೆ. ಕೋಲಾರದ ಕಡೆಯ ಮುಳಬಾಗಿಲು ಮೂಡಣ ಬಾಗಿಲಲ್ಲದೆ ಬೇರೆಯಲ್ಲ.

ದೊಡ್ಡ ಕದದಲ್ಲಿ ಒಬ್ಬನೇ ಬಾಗಿ ನುಸುಳುವಷ್ಟು ಕತ್ತರಿಸಿ ಮಾಡಿದ ಕಿರುಗದಕ್ಕೆ 'ದಿಡ್ಡಿ ಬಾಗಿಲು' ಎಂದು ಹೆಸರು. ಮರಾಠಿಯಲ್ಲಿ ಇದು 'ದಿಂಡಿ', ತಮಿಳಿನಲ್ಲಿ 'ತಿಟ್ಟಿ'. ಹೆಬ್ಬಾಗಿಲನ್ನು ಇರುಳಲ್ಲಿ ಮುಚ್ಚಿದ ಬಳಿಕ ತಡವಾಗಿ ಬಂದ ಯಾತ್ರಿಕನನ್ನು ಒಳಗೆ ಬಿಡುವುದಕ್ಕೆ ಇದೇ ದಾರಿ. ಒಬ್ಬೊಬ್ಬನೇ ಬರಬೇಕಾದುದರಿಂದ ಕಾವಲುಗಾರನಿಗೆ ಮುಖ ನೋಡುವುದಕ್ಕೆ ಅನುಕೂಲವು. ಶತ್ರುವು ಗುಂಪಾಗಿ ನುಗ್ಗುವುದಕ್ಕೆ ಅವಕಾಶವಿಲ್ಲ. ದೇಸಾಯರ ವಾಡೆಗಳಲ್ಲಿಯೂ ಹಳೆಯ ಮಠಗಳಲ್ಲಿಯೂ ಇಂಥ ಕದಗಳನ್ನು ವಾಚಕರು ನೋಡಿರಬಹುದು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಈ ಶಬ್ದವನ್ನು ಕಾಪಾಡಿಕೊಂಡು ಬಂದಿದೆ. ದಿಡ್ಡಿಯನ್ನು ಕಣ್ಣಿಂದ ಕಾಣದವರೂ ಗಾದೆಯನ್ನು ಆಡುವರು.

ನಾಲ್ಕು ಮರಗಳ ಕಟ್ಟು

ತೆರಪಿನ ಸುತ್ತಲೂ ನಿಲ್ಲಿಸಿ, ಕದವನ್ನು ಹೊರುವ ಮರಗಳ ಕೂಟಕ್ಕೆ ನಮ್ಮಲ್ಲಿ ಮೂರು ಹೆಸರುಗಳುಂಟು. ಒಂದನೆಯದು 'ಬಾಗಿಲುವಾಡ', ಇದು ಹಳೆಯದು. ಎರಡನೆಯದು ಸಂಸ್ಕೃತದ 'ದ್ವಾರಬಂಧ'. ಇದು ಜನರ ಬಾಯಲ್ಲಿ ದಾರಬಂದ, ದಾರವಂದ, ದಾರಂದ ಎಂದು ಮೆತ್ತಗಾಗಿದೆ. ಮೂರನೆಯದು 'ಚೌಕಟ್ಟು'. ಇದನ್ನು ಚೌಕವಾದ ಕಟ್ಟು ಎಂದು ಬಿಡಿಸುವುದು ಕನ್ನಡದ ಕಿವಿಗೆ ಸಹಜವಾದರೂ, ಹಿಂದಿಯ 'ಚೌಖಟ್' ಎಂಬುದರೊಡನೆ ಹೋಲಿಸಿ ನೋಡಲಾಗಿ, ಇದರ ಮೂಲವು 'ಚತುಷ್ಕಾಷ್ಠ' ಎಂಬುದಾಗಿ ತಿಳಿದುಬರುವುದು. ಚತುಷ್ಕಾಷ್ಠವೆಂದರೆ ನಾಲ್ಕು ಮರಗಳು: ಕೆಳಗೆ ಹೊಸ್ತಿಲು, ಇಕ್ಕೆಲದಲ್ಲಿ ಎರಡು ನಿಲುವುಗಳು, ಮೇಲೆ ಅಡ್ಡಪಟ್ಟಿ. ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಅದು ಹೆಸರಿಗೆ ತಕ್ಕ ಚೌಕಟ್ಟಲ್ಲ. ಈಗಿನ ಮನೆಗಳ ಒಳಬಾಗಿಲುಗಳಲ್ಲಿ ಹೊಸ್ತಿಲನ್ನೇ ಬಿಟ್ಟು ಮೂರು ಮರಗಳನ್ನು ನಿಲ್ಲಿಸಿ ಅದನ್ನೂ ಚೌಕಟ್ಟೆಂದೇ ಕರೆಯುವರು. ಶಬ್ದವು ನಾಲ್ಕೆನ್ನುತ್ತದೆ, ಕಣ್ಣು ಮೂರೆನ್ನುತ್ತದೆ.

ಹೊಸ್ತಿಲು, ಹೊಸಿಲು, ಹೊಸಲು ಎಂದು ಸೀಮೆ ಸೀಮೆಗೆ ರೂಪಭೇದವುಳ್ಳ ಈ ಮರಕ್ಕೆ ಸಂಸ್ಕೃತದಲ್ಲಿ 'ದೇಹಲೀ' ಎಂದು ಹೆಸರು. ಹೊಸ್ತಿಲ ಮೇಲೆ ದೀಪವನ್ನಿಟ್ಟರೆ ಒಳಗೂ ಬೆಳಕು, ಹೊರಗೂ ಬೆಳಕು. ಒಂದೇ ಪದವು ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಅನ್ವಯಿಸುವಾಗ ಶಾಸ್ತ್ರಕಾರರು ಅದನ್ನು ದೇಹಲೀದೀಪನ್ಯಾಯವೆಂದು ಕರೆದಿರುವರು. ಪಾಠಶಾಲೆಗಳಲ್ಲಿ ಈ ನ್ಯಾಯವನ್ನು ಓದಿದವರು ಬಹುಮಂದಿ. ದೇಹಲಿಯೆಂಬುದು ತಾನು ದಿನವೂ ದಾಟುವ ಹೊಸ್ತಿಲೇ ಎಂದು ನೆನೆದವರು ಕೆಲವರು. ಬಸವಣ್ಣನವರ ಪ್ರಸಿದ್ಧವಾದ ವಚನವೊಂದರಲ್ಲಿ, ಒಡೆಯನು ಒಳಗಿರುವನೋ ಇಲ್ಲವೋ ಎಂಬ ಸಂದೇಹಕ್ಕೆ ಮೊದಲ ಗುರುತಾಗಿ ಬರುವುದು ಹೊಸ್ತಿಲೇ. ಹೊಸ್ತಿಲನ್ನು ನೋಡಿ ಮನೆಯನ್ನು ಅಳೆಯುವ ವಾಡಿಕೆಯು ಎಂಟುನೂರು ವರ್ಷಗಳ ಹಿಂದೆಯೇ ಜನಜನಿತವಾಗಿದ್ದಿತೆಂಬುದು ಇದರಿಂದ ಸ್ಪಷ್ಟವಾಗುವುದು.

ಅಮರಸಿಂಹನು ಬಾಗಿಲಿನ ಕೆಳಗಿನ ಮರವನ್ನು 'ಶಿಲಾ' ಎಂದೂ ಮೇಲಿನ ಮರವನ್ನು 'ನಾಸಾ' ಎಂದೂ ಹೆಸರಿಸಿದ್ದಾನೆ. ಕೆಳಗಿನದು ಮರವಾಗಿದ್ದರೂ ಹೆಸರು ಕಲ್ಲು. ಭಾರವನ್ನೆಲ್ಲ ಹೊರುವುದರಿಂದ ಈ ಹೆಸರು ಬಂದಿರುವುದು ಸಂಭವನೀಯ. ಮೇಲಿನದು ಮೂಗು. ದೇವಾಲಯದ ಬಾಗಿಲಿನ ಮೇಲಣ ಮೂರ್ತಿಗೆ 'ಲಲಾಟಬಿಂಬ', ಎಂದರೆ ಹಣೆಯ ಬಿಂಬವೆಂದು ಹೆಸರು. ಬಾಗಿಲೇ ಬಾಯಿ, ಮೇಲ್ಮರವೇ ಮೂಗು, ಅದರ ಮೇಲಿನದು ಹಣೆ. ದೇಹವನ್ನೇ ದೇಗುಲವೆಂದು ಶರಣರು ಕಂಡುದು ಮಹಾನುಭಾವದಿಂದ. ಆದರೆ ಮನೆಯನ್ನು ಮುಖವಾಗಿ ಕಾಣುವ ದೃಷ್ಟಿಯು ನಮ್ಮ ಸಾಮಾನ್ಯ ಜನರ ಮಾತಿನಲ್ಲಿಯೇ ಬಹುಕಾಲದಿಂದ ಇದ್ದಿತೆಂಬುದನ್ನು ಮರೆಯಲಾಗದು.

ಮರದಿಂದ ಕಲ್ಲಿಗೆ

ನಮ್ಮ ನಾಡಿನ ಮರದ ಬಾಗಿಲುಗಳಲ್ಲಿ ಬಹು ಪ್ರಾಚೀನವಾದುವು ಮಳೆ, ಗೆದ್ದಲು, ಬೆಂಕಿಗಳಿಗೆ ತುತ್ತಾಗಿ ಹೋದುವು. ಆದರೂ ಅವುಗಳ ರೂಪವು ಕಲ್ಲಿನಲ್ಲಿ ಉಳಿದಿದೆ. ಮಹಾರಾಷ್ಟ್ರದ ಕಾರ್ಲೆಯ ಚೈತ್ಯಗುಹೆಯ ಕಮಾನುಛಾವಣಿಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮರದ ಪಕ್ಕೆಗಳು ಇಂದಿಗೂ ಅಂಟಿಕೊಂಡಿವೆ. ಬೆಟ್ಟವನ್ನು ಕೊರೆದು ಮಾಡಿದ ಗುಹೆಗೆ ಮರದ ಆಧಾರವೇ ಬೇಕಾಗಿಲ್ಲ. ಮರದ ಮನೆಯನ್ನು ಕಂಡು ಬೆಳೆದ ಶಿಲ್ಪಿಯ ಕಣ್ಣು ಕಲ್ಲಿನಲ್ಲಿಯೂ ಮರವನ್ನು ಬಯಸಿತು. ಆ ಗುಹೆಯನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿಯಾದ ಭೂತಪಾಲನೆಂದು ಅಲ್ಲಿಯ ಶಾಸನವು ಹೇಳುತ್ತದೆ. ವೈಜಯಂತಿಯು ನಮ್ಮ ಬನವಾಸಿಯೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯವು.

ಐಹೊಳೆಯ ಲಾಡಖಾನ ಗುಡಿಯ ಮಾಡಿನ ಮೇಲೆ ಕಲ್ಲಿನ ಚಪ್ಪಡಿಗಳ ಸಂದುಗಳನ್ನು ಮುಚ್ಚಲು ಉದ್ದನೆಯ ಕಲ್ಲುಪಟ್ಟಿಗಳನ್ನು ಹಾಸಿರುವರು. ಮರದ ಮಾಡಿನ ಪಟ್ಟಿಗಳ ಪಡಿಯಚ್ಚು ಅವು. ಬಾದಾಮಿಯಲ್ಲಿ ಮಂಗಳೇಶನು ಶಕ ೫೦೦ರಲ್ಲಿ, ಎಂದರೆ ಕ್ರಿ. ಶ. ೫೭೮ರಲ್ಲಿ, ಮುಗಿಸಿದ ವೈಷ್ಣವ ಗುಹೆಯ ಕಂಬಗಳ ಮೇಲ್ಗಡೆ ಓರೆಯಾಗಿ ನಿಂತ ದಂಪತಿಗಳ ಶಿಲ್ಪಗಳೂ ಮರದ ಆಸರೆತೋಳುಗಳನ್ನೇ ನೆನಪಿಗೆ ತರುವುವು. ಬಾಗಿಲಿನ ವಿಷಯದಲ್ಲಂತೂ ಈ ಅನುಕರಣವು ಶಾಸ್ತ್ರವಾಗಿಯೇ ನಿಂತಿತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಪ್ರಾಸಾದಲಕ್ಷಣಾಧ್ಯಾಯದಲ್ಲಿ ಬಾಗಿಲಿನ ಎತ್ತರವು ಅಗಲದ ಇಮ್ಮಡಿಯಾಗಿರಬೇಕೆಂದೂ ಅದರ ಪಕ್ಕಗಳಿಗೆ ಮೂರು, ಐದು, ಏಳು ಅಥವಾ ಒಂಬತ್ತು ಶಾಖೆಗಳಿರುವುದು ಪ್ರಶಸ್ತವೆಂದೂ ವಿಧಿಸಿರುವನು. ಶಾಖೆಯೆಂದರೆ ಕೊಂಬೆ. ಕಲ್ಲಿನಲ್ಲಿ ಕೊರೆದ ಪಟ್ಟಿಗೆ ಕೊಂಬೆಯೆಂಬ ಹೆಸರು ಏಕೆ? ಮೊದಲು ಅದು ಮರವಾಗಿದ್ದಿತಾದುದರಿಂದ ಎಂಬುದೇ ಸಹಜವಾದ ಉತ್ತರವು. ಬಳ್ಳಿ, ಮುತ್ತಿನ ಸಾಲು, ಕಂಬ, ಮಿಥುನ ಮೊದಲಾದುವನ್ನು ಒಂದೊಂದು ಶಾಖೆಯಲ್ಲಿ ಬಿಡಿಸಿ ಚಾಲುಕ್ಯರ ಶಿಲ್ಪಿಗಳು ಈ ವಿಧಿಗೆ ಜೀವವನ್ನು ತುಂಬಿದರು. ಕೆಳಗಿನ ಮರವಾದ ದೇಹಲಿಗೆ ಶಿಲ್ಪಗ್ರಂಥಗಳಲ್ಲಿ 'ಉದುಂಬರ' ಎಂದು ಹೆಸರಿದೆ. ಉದುಂಬರವು ಅತ್ತಿಯ ಮರ. ಇಲ್ಲಿಯೂ ಕಲ್ಲು ತನ್ನ ಪೂರ್ವಜನ್ಮದ ಮರವನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ.

ಇದಕ್ಕೆ ಪ್ರತಿಯಾಗಿ ಶ್ರವಣಬೆಳಗೊಳದ ಹಿರಿಯ ಬೆಟ್ಟದಲ್ಲಿರುವ 'ಅಖಂಡ ಬಾಗಿಲು' ಒಂದೇ ಬಂಡೆಯನ್ನು ಕಡೆದು ಮಾಡಿದುದು. ಅದರ ಹೆಸರೇ ಒಂದು ಸಾಕ್ಷಿಯಾಗಿದೆ. ಬಾಗಿಲೆಂದರೆ ಸಾಮಾನ್ಯವಾಗಿ ತುಂಡುತುಂಡಾದ ನಾಲ್ಕು ಅಂಗಗಳ ಕೂಟವೆಂದು ಜನರು ತಿಳಿದಿದ್ದುದರಿಂದಲೇ, ತುಂಡಿಲ್ಲದ ಈ ಬಾಗಿಲು ಅವರಿಗೆ ಹೆಸರಿಡತಕ್ಕ ಸೋಜಿಗವಾಯಿತು.

ತಿರುಗಣಿ, ಅಗುಳಿ, ಚಿಲಕ

ಕದವು ತಿರುಗುವ ಬಗೆಯಲ್ಲಿಯೂ ಎರಡು ಯುಗಗಳುಂಟು. ಹಳೆಯ ಕದಗಳಿಗೆ ಕಬ್ಬಿಣದ ಕೀಲುಗಳಿರಲಿಲ್ಲ. ಕದದ ಒಂದು ಅಂಚಿನ ಮೇಲ್ತುದಿಯೂ ಕೆಳತುದಿಯೂ ಗುಂಡಗೆ ಗೂಟದಂತೆ ಚಾಚಿಕೊಂಡಿರುವುವು. ಇದಕ್ಕೆ 'ತಿರುಗಣಿ' ಎಂದು ಹೆಸರು. ಕೆಳಗಿನ ತಿರುಗಣಿಯು ಹೊಸ್ತಿಲ ಕುಳಿಯಲ್ಲಿಯೂ ಮೇಲಿನದು ಅಡ್ಡಪಟ್ಟಿಯ ತೂತಿನಲ್ಲಿಯೂ ಕುಳಿತು ತಿರುಗುವುವು. ಹಂಪೆಯ ಬಾಗಿಲುಗಳಲ್ಲಿ ಮರದ ಕದಗಳು ಎಂದೋ ಹೋಗಿದ್ದರೂ, ಅವು ತಿರುಗುತ್ತಿದ್ದ ಕುಳಿಗಳು ಕಲ್ಲಿನಲ್ಲಿ ಇಂದಿಗೂ ಇವೆ. ಈ ರಚನೆಯಲ್ಲಿ ಕದದ ಭಾರವೆಲ್ಲವೂ ನೇರವಾಗಿ ಹೊಸ್ತಿಲಿಗೆ ಇಳಿಯುವುದು. ನಿಲುವಿನ ಮೇಲೆ ಎಳೆತವು ಬಹು ಸ್ವಲ್ಪ. ಈಚಿನ ಕದಗಳಾದರೋ ನಿಲುವಿಗೆ ಜಡಿದ 'ಬಿಜಾಗರಿ'ಗಳಿಂದ ತೂಗಾಡುತ್ತಿರುವುವು. ಇಲ್ಲಿ ಭಾರವನ್ನು ಹೊರತಕ್ಕದ್ದು ಹೊಸ್ತಿಲಲ್ಲ, ನಿಲುವು. ಬಿಜಾಗರಿಯು ಮರಾಠಿಯಿಂದ ಬಂದ ಮಾತು. ವಸ್ತುವಿನೊಡನೆ ಹೆಸರೂ ಬಂದಿತು. ತಿರುಗಣಿಯೊಡನೆ ಅದರ ಹೆಸರೂ ಹೋಗುತ್ತಲಿದೆ.

ಕದವನ್ನು ಒಳಗಿನಿಂದ ಬಿಗಿಯುವ ಅಡ್ಡಮರಕ್ಕೆ ಸಂಸ್ಕೃತದಲ್ಲಿ 'ಅರ್ಗಲ'. ಅದರ ತದ್ಭವವು ನಮ್ಮ 'ಅಗುಳಿ'. ಹಳೆಯ ಮಠಗಳ ಹೆಬ್ಬಾಗಿಲಿನ ಹಿಂದೆ, ಗೋಡೆಯೊಳಗೆ ಒಂದು ಉದ್ದವಾದ ಕೊಳವೆಯಂತಹ ತೂತಿರುವುದನ್ನು ಕೆಲವರು ನೋಡಿರಬಹುದು. ಹಗಲು ಅಗುಳಿಯ ಮರವು ಆ ತೂತಿನೊಳಗೆ ಅಡಗಿರುವುದು. ಇರುಳು ಅದನ್ನು ಎಳೆದು ಎದುರಿನ ಗೋಡೆಯ ಕುಳಿಗೆ ಸೇರಿಸುವರು. ಕದವನ್ನು ಎಷ್ಟೇ ದೂಡಿದರೂ ಬಲವೆಲ್ಲ ಗೋಡೆಗೆ ತಾಕುವುದೇ ಹೊರತು ಕದದ ಮೊಳೆಗಳಿಗಲ್ಲ. ಚಿಲಕವು ಇದಕ್ಕಿಂತ ಕಿರಿದು. ಕೊಂಡಿ, ಸರಪಳಿಗಳು ಹೊರಗಿನಿಂದ ಹಾಕುವುದಕ್ಕೆ. ಬೀಗದ ಕೈಗೆ ಕರಾವಳಿಯಲ್ಲಿಯೂ ಉತ್ತರದ ಕೆಲವೆಡೆಗಳಲ್ಲಿಯೂ 'ಚಾವಿ' ಎನ್ನುವರು. ಇದು ಪೋರ್ತುಗೀಸರ 'ಶಾವೆ' ಎಂಬ ಮಾತಿನಿಂದ ಬಂದುದು.

ಕಿಟಕಿಯ ಕಥೆ

ಇಷ್ಟರವರೆಗೆ ನೋಡಿದ ಶಬ್ದಗಳಲ್ಲಿ ಬಾಗಿಲು, ಕದ, ಹೊಸ್ತಿಲು, ತಿರುಗಣಿ ಇವು ನಮ್ಮವೇ. ಸಂಸ್ಕೃತದಿಂದ ಬಂದ ಅಗುಳಿ, ದಾರವಂದಗಳೂ ತದ್ಭವವಾಗಿ ನಮ್ಮ ಮನೆಯವೇ ಆದುವು. ಆದರೆ ಕಿಟಕಿಯ ಬಳಿಗೆ ಬಂದಾಗ ಬೇರೊಂದು ಸಂಗತಿಯು ಕಾಣುವುದು. ಚೌಕಟ್ಟು, ಕದ, ಸರಳು ಇವೆಲ್ಲವೂ ಕೂಡಿದ ಮರದ ಕಿಟಕಿಗೆ ಮನೆಮಾತಿನಲ್ಲಿ ಅಚ್ಚಗನ್ನಡದ ಹೆಸರು ರೂಢಿಯಲ್ಲಿಲ್ಲ. ನಮಗಿರುವುದು 'ಕಂಡಿ', 'ಕಿಂಡಿ'. ಅವು ತೂತಿನ ಹೆಸರುಗಳು. ಬೆಳಕು ಬರುವ ಕಿಂಡಿಯು 'ಬೆಳಕಿಂಡಿ'. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಇದು ಗೋಡೆಯಲ್ಲಿರದೆ ಮೇಲ್ಮಾಳಿಗೆಯಲ್ಲಿರುವುದು. ಮಳೆ ಬಂದಾಗ ಮುಚ್ಚಿ, ಬಿಸಿಲಿದ್ದಾಗ ತೆರೆಯುವರು. ಮೈಸೂರು ಸೀಮೆಯಲ್ಲಿ ಇದನ್ನೇ 'ಗವಾಕ್ಷಿ' ಎನ್ನುವುದುಂಟು.

ಗವಾಕ್ಷವು ಶಾಸ್ತ್ರಪ್ರಸಿದ್ಧವಾದ ಶಬ್ದವು. ಗೋ ಮತ್ತು ಅಕ್ಷಿ ಎಂಬುವು ಸೇರಿ ಗೋವಿನ ಕಣ್ಣಿನಂತಹುದು ಎಂಬರ್ಥವನ್ನು ಕೊಡುವುವು. ಪಾಣಿನಿಯು ಆರನೆಯ ಅಧ್ಯಾಯದಲ್ಲಿ ಸ್ಫೋಟಾಯನನೆಂಬ ಪೂರ್ವಾಚಾರ್ಯನ ಹೆಸರನ್ನು ಹೇಳಿ, ಗೋಶಬ್ದದ ಓಕಾರಕ್ಕೆ ಸ್ವರವು ಪರವಾದಾಗ ಅವಙಾದೇಶವನ್ನು ವಿಕಲ್ಪವಾಗಿ ವಿಧಿಸಿರುವನು. ಗವಾಕ್ಷವೆಂಬಲ್ಲ್ಯಾದರೋ ಅದು ನಿತ್ಯವೆಂದು ವ್ಯಾಖ್ಯಾನಕಾರರ ನಿರ್ಣಯವು. ಅಮರನು ಗವಾಕ್ಷಕ್ಕೆ 'ವಾತಾಯನ', ಗಾಳಿಯ ದಾರಿ, ಎಂಬುದನ್ನು ಪರ್ಯಾಯವಾಗಿ ಕೊಟ್ಟಿದ್ದಾನೆ. ಕಲ್ಲಿನಲ್ಲಿ ಜಾಲರಿಯಂತೆ ಕೊರೆದುದು 'ಜಾಲಂಧ್ರ'. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಇವುಗಳ ವೈವಿಧ್ಯವನ್ನು ನೋಡಬೇಕು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆಮಾಡಿಸಿದ ಬೇಲೂರಿನ ಗುಡಿಯ ನವರಂಗವು ಮೊದಲು ತೆರೆದೇ ಇದ್ದು, ಆಮೇಲೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳಿಂದ ಮುಚ್ಚಲ್ಪಟ್ಟಿತು. ಆದರೆ ಈ ಹೆಸರುಗಳೆಲ್ಲವೂ ದೇವಾಲಯಕ್ಕೂ ಅರಮನೆಗೂ ಕಾವ್ಯಕ್ಕೂ ಸೇರಿದುವು. ಒಕ್ಕಲಿಗನ ಮನೆಯಲ್ಲಿ ಜಾಲಂಧ್ರವೆಂಬ ಮಾತನ್ನು ಯಾರೂ ಆಡಲಿಲ್ಲ. ಗವಾಕ್ಷವು ಮಾತ್ರ ಹಳ್ಳಿಗೆ ಇಳಿಯಿತು. ಇಳಿದಾಗ ಗೋಡೆಯಿಂದ ಮಾಡಿಗೆ ಏರಿತು.

ಹಾಗಾದರೆ 'ಕಿಟಕಿ' ಎಲ್ಲಿಂದ ಬಂದಿತು? ಇದು ಹಿಂದಿ ಮರಾಠಿಗಳ 'ಖಿಡಕೀ' ಎಂಬುದರ ರೂಪಾಂತರವು. ಬೆಳಗಾವಿ ಧಾರವಾಡಗಳ ಕಡೆ 'ಖಿಡಕಿ' ಎಂದೇ ಆಡುವರು. ಇದರ ಹಿಂದಿರುವ ಪ್ರಾಕೃತಶಬ್ದಕ್ಕೆ ಕಿರುಬಾಗಿಲು, ಪಕ್ಕದ ಬಾಗಿಲು ಎಂದು ಅರ್ಥವಿದ್ದಿತು. ಎಂದರೆ ಕಿಟಕಿಯೂ ಮೂಲದಲ್ಲಿ ಒಂದು ಬಾಗಿಲೇ! ಕರಾವಳಿಯ ಕಥೆಯು ಇನ್ನೊಂದು. ಪೋರ್ತುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅವರ 'ಜನೆಲಾ' ಎಂಬ ಶಬ್ದವು ಕೊಂಕಣಿಯಲ್ಲಿ 'ಜನೆಲ್' ಎಂದೂ, ತಮಿಳಿನಲ್ಲಿ 'ಜನ್ನಲ್' ಎಂದೂ, ಮಲೆಯಾಳದಲ್ಲಿ 'ಜನಲ್' ಎಂದೂ ನೆಲೆಸಿತು. ಹೀಗೆ ದಕ್ಷಿಣದ ಹಲವು ಭಾಷೆಗಳು ಬಾಗಿಲಿಗೆ ತಮ್ಮ ಮಾತನ್ನು ಉಳಿಸಿಕೊಂಡು ಕಿಟಕಿಗೆ ಅತಿಥಿಯ ಮಾತನ್ನು ಬರಮಾಡಿಕೊಂಡವು.

ಹೆಸರು ಹೊರಗಿನಿಂದ ಬಂದ ಮಾತ್ರಕ್ಕೆ ವಸ್ತುವೇ ಇರಲಿಲ್ಲವೆಂದು ಹೇಳುವುದು ದುಡುಕು. ಆದರೆ ವಾಸ್ತುವಿನ ಸಾಕ್ಷಿಯೂ ಇದರೊಡನೆ ಕೂಡುವುದು. ನಮ್ಮ ಹಳೆಯ ತೊಟ್ಟಿಮನೆಯು ಬೀದಿಯ ಕಡೆ ಬೆನ್ನು ತಿರುಗಿಸಿದ ಮನೆ. ನಡುವಿನ ತೊಟ್ಟಿಯೇ ಅದರ ಕಿಟಕಿ. ಬಿಸಿಲು, ಗಾಳಿ, ಮಳೆ ಮೂರೂ ಅಲ್ಲಿಂದಲೇ ಬರುವುವು. ಬಯಲುಸೀಮೆಯ ಮನೆಯಲ್ಲಿ ದಪ್ಪವಾದ ಗೋಡೆ, ಮೇಲೆ ಬೆಳಕಿಂಡಿ. ಬೇಸಿಗೆಯ ಉರಿಯನ್ನೂ ಕಳ್ಳರ ಕಾಟವನ್ನೂ ತಡೆಯುವುದಕ್ಕೆ ಗೋಡೆಯಲ್ಲಿ ತೆರಪು ಕಡಮೆಯಿರುವುದೇ ಲೇಸು. ಹೀಗಿರಲು ಬೀದಿಯನ್ನು ನೋಡುವ ದೊಡ್ಡ ಕಿಟಕಿಯು ಸಾಮಾನ್ಯರ ಮನೆಗೆ ತಡವಾಗಿ ಬಂದಿತೆಂದೂ, ಬಂದಾಗ ತನ್ನ ಹೆಸರನ್ನು ಜೊತೆಗೇ ತಂದಿತೆಂದೂ ಊಹಿಸುವುದು ಯುಕ್ತವಾಗಿದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹಂಚಿನ ಕಾರಖಾನೆಯನ್ನು ತೆರೆದ ಬಳಿಕ ಹಂಚಿನ ಮಾಡು ಹಬ್ಬಿತು. ಅದರ ನಡುವೆ ಒಂದೆರಡು ಗಾಜಿನ ಹಂಚುಗಳನ್ನು ಹಾಕಿ ಬೆಳಕನ್ನು ಪಡೆದರು. ಹಳೆಯ ಬೆಳಕಿಂಡಿಯು ಹೊಸ ವೇಷದಿಂದ ಮಾಡಿನ ಮೇಲೆಯೇ ನಿಂತಿತೆಂದು ಹೇಳಬಹುದು.

ಮರವೂ ಬಡಗಿಯೂ

ಮಾತಿನ ವ್ಯಾಪಾರವು ಒಮ್ಮುಖವಾದುದಲ್ಲ. ಪೋರ್ತುಗೀಸರು ತಮ್ಮ ಕಿಟಕಿಯ ಹೆಸರನ್ನು ಕೊಟ್ಟು, ನಮ್ಮ ಮರದ ಹೆಸರನ್ನು ಕೊಂಡುಹೋದರು. ಮಲೆಯಾಳ ತಮಿಳುಗಳ 'ತೇಕ್ಕು', ನಮ್ಮ 'ತೇಗ' ಎಂಬುವು ಒಂದೇ ಮೂಲದವು. ಅದು ಪೋರ್ತುಗೀಸರಲ್ಲಿ 'ತೇಕಾ' ಎಂದಾಗಿ, ಇಂಗ್ಲಿಷರಲ್ಲಿ 'ಟೀಕ್' ಎಂದಾಯಿತು. ಇದೇ ಮರವು ಉತ್ತರದ ಕಡೆ ಸಾಗುವಾನಿ. ಎಣ್ಣೆಯ ಅಂಶವುಳ್ಳುದರಿಂದ ತೇಗಕ್ಕೆ ಗೆದ್ದಲು ಬೇಗನೆ ಹತ್ತದು. ಮಳೆಗೆ ಉಬ್ಬುವುದೂ ಬಿಸಿಲಿಗೆ ಕುಗ್ಗುವುದೂ ಅಲ್ಪವೇ. ಆದುದರಿಂದಲೇ ಅರಮನೆ ಮಠಗಳ ಬಾಗಿಲಿಗೆ ಇದು ಮೊದಲ ಆಯ್ಕೆ. ಬಡವರ ಮನೆಗೆ ಬೇವು, ಹಲಸು, ಮತ್ತಿ. ಬೀಟೆಯು ಕರಿನೇರಳೆಯ ಹೊಳಪಿನ ಗಟ್ಟಿಮರ. ಮೈಸೂರಿನ ಹಳೆಯ ಮರದ ಅರಮನೆಯು ೧೮೯೭ರಲ್ಲಿ ಬೆಂಕಿಗೆ ಆಹುತಿಯಾಗಲು, ೧೯೧೨ರಲ್ಲಿ ಮುಗಿದ ಹೊಸ ಅರಮನೆಯ ಅಂಬಾವಿಲಾಸಕ್ಕೆ ಬೀಟೆಯ ಕದದಲ್ಲಿ ದಂತವನ್ನು ಕೂರಿಸಿ ಮಾಡಿದ ಬಾಗಿಲು ಪ್ರಸಿದ್ಧವಾಗಿದೆ.

ಬಡಗಿಯೆಂಬುದು ಸಂಸ್ಕೃತದ 'ವರ್ಧಕಿ'ಯ ತದ್ಭವವು; ಉತ್ತರದ ಕಡೆ ಬಡಿಗ, ಬಡಿಗೇರ. ಬಾಚಿ, ಉಳಿ, ಗರಗಸ, ಕೊಡತಿ, ಬೈರಿಗೆ, ಮೂಲೆಮಟ್ಟ ಇವು ಅವನ ಆಯುಧಗಳು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಬಾಚಿಕಾಯಕದ ಬಸವಯ್ಯನೆಂಬ ವಚನಕಾರನು ತನ್ನ ಹೆಸರಿನೊಳಗೇ ಈ ಆಯುಧವನ್ನು ಧರಿಸಿದ್ದಾನೆ. ಕಾಯಕವನ್ನು ಕೀಳೆಂದು ನೋಡದ ಆ ಕಾಲದಲ್ಲಿ ಮರವನ್ನು ಕೆತ್ತುವ ಕೈಯೇ ವಚನವನ್ನೂ ರಚಿಸಿತು. ಅಂತಹ ಕೈಗಳ ಬಾಯಲ್ಲಿ ಹುಟ್ಟಿದ ಮಾತುಗಳೇ ಮೇಲೆ ವಿವರಿಸಿದವು. ಪಂಡಿತರು ಅವನ್ನು ಕೋಶಕ್ಕೆ ಸೇರಿಸಿದರೇ ಹೊರತು ಹುಟ್ಟಿಸಲಿಲ್ಲ. ರೆವರೆಂಡ್ ಕಿಟೆಲ್ಲರು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಮಹಾಕೋಶದಲ್ಲಿ ಇಂತಹ ಎಷ್ಟೋ ಮಾತುಗಳು ಸೇರಿದುವು. ಆದರೂ ಬಡಗಿಯ ಶಾಲೆಯಲ್ಲಿ ಉಳಿದು, ಯಾವ ಕೋಶಕ್ಕೂ ಸೇರದ ಮಾತುಗಳು ಇನ್ನೂ ಇರುವುವು.

ಹಳೆಯ ಪದ್ಧತಿಯಲ್ಲಿ ಬಾಗಿಲನ್ನು ಮೊದಲೇ ಮಾಡಿಟ್ಟು ಮಾರುತ್ತಿರಲಿಲ್ಲ. ಮನೆಯ ಆಯವನ್ನು ಗುಣಿಸಿ, ಗೋಡೆಯ ಅಗಲವನ್ನು ಅಳೆದು, ಯಜಮಾನನ ಇಷ್ಟವನ್ನು ಕೇಳಿ, ಆ ಮನೆಗೆಂದೇ ಬಾಗಿಲನ್ನು ಕಟ್ಟುತ್ತಿದ್ದರು. ಒಂದು ಮನೆಯ ಕದವು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹೀಗಿದ್ದುದರಿಂದ ಯಜಮಾನನೂ ಬಡಗಿಯೂ ಪ್ರತಿಯೊಂದು ಅಂಗವನ್ನೂ ಹೆಸರಿಟ್ಟು ಮಾತನಾಡಲೇಬೇಕಾಗುತ್ತಿದ್ದಿತು. ಈಗ ಕಾರಖಾನೆಯಲ್ಲಿ ಒಂದೇ ಅಳತೆಯಿಂದ ಮಾಡಿದ ಬಾಗಿಲುಗಳು ಅಂಗಡಿಯಲ್ಲಿ ದೊರೆಯುವುವು. ಕೊಳ್ಳುವವನು ಉದ್ದಗಲಗಳನ್ನು ಹೇಳಿದರೆ ಸಾಕು; ಹೆಸರುಗಳ ಅಗತ್ಯವೇ ಬೀಳದು. ಅಗತ್ಯವಿಲ್ಲದ ಮಾತು ಎಷ್ಟು ದಿನ ಬಾಳೀತು?

ಜೀರ್ಣೋದ್ಧಾರದಲ್ಲಿ ಮಾತಿನ ಬೆಲೆ

ಶಬ್ದಗಳು ಹೋದರೆ ಹೋಗಲಿ, ಹೊಸವು ಬರುತ್ತವೆ ಎನ್ನುವವರಿಗೆ ಒಂದು ಮಾತು. ಹಳೆಯ ಮನೆಗಳನ್ನೂ ಮಠಗಳನ್ನೂ ಜೀರ್ಣೋದ್ಧಾರ ಮಾಡುವಾಗ ಈ ಹೆಸರುಗಳ ಬೆಲೆಯು ತಿಳಿಯುವುದು. ಬಾಗಿಲು ಕೆಟ್ಟಿದೆ, ಬದಲಿಸಿರಿ ಎಂದು ಹೇಳಿದರೆ ಕೆಲಸಗಾರನು ಏನನ್ನು ಬದಲಿಸಬೇಕು? ಕದವನ್ನೋ, ಹೊಸ್ತಿಲನ್ನೋ, ದಾರವಂದವನ್ನೋ? ಬಹುಸಲ ಕೆಟ್ಟಿರುವುದು ನೆಲದ ತೇವಕ್ಕೆ ತಾಕಿದ ಹೊಸ್ತಿಲು ಮಾತ್ರ, ಇಲ್ಲವೆ ನಿಲುವಿನ ಬುಡದ ಒಂದು ಗೇಣು ಮರ. ಬಲ್ಲ ಬಡಗಿಯು ಆ ಬುಡವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಮರವನ್ನು ಬೆಸೆದು, ಉಳಿದುದನ್ನು ಇನ್ನೊಂದು ನೂರು ವರ್ಷ ಬಾಳಿಸುವನು. ಹೆಸರು ತಿಳಿಯದ ಯಜಮಾನನ ಬಾಯಿಂದ ಬಾಗಿಲೆಂಬ ಒಂದೇ ಮಾತು ಬಂದರೆ, ಕೆತ್ತನೆಯ ದಾರವಂದವೂ ಗಟ್ಟಿಯಾದ ಕದವೂ ಕೂಡಿಯೇ ಕಿತ್ತು ಹೊರಬೀಳುವುವು.

ತಿರುಗಣಿಯ ಮೇಲೆ ನಿಂತ ಭಾರವಾದ ಕದಕ್ಕೆ ಬಿಜಾಗರಿಗಳನ್ನು ಜಡಿದರೆ, ಹೊಸ್ತಿಲು ಹೊರುತ್ತಿದ್ದ ಭಾರವು ನಿಲುವಿಗೆ ಬೀಳುವುದು. ಸ್ವಲ್ಪ ಕಾಲದಲ್ಲಿಯೇ ನಿಲುವು ವಾಲಿ ಕದವು ಜೋಲುವುದು. ಆಗ ದೋಷವು ಹಳೆಯ ಕದದ ಮೇಲೆ ಬರುವುದು. ನೆಲಕ್ಕೆ ಹೊಸ ಕಲ್ಲನ್ನು ಹಾಸಿ ಎತ್ತರಿಸಿದರೆ ಹೊಸ್ತಿಲು ಹೂತುಹೋಗುವುದು. ತೇವವು ನಿಲುವಿನ ಬುಡವನ್ನು ಕಾಣದಂತೆ ತಿನ್ನುವುದು. ನಡೆಯುವವರಿಗೆ ತಡೆಯೆಂದು ಹೊಸ್ತಿಲನ್ನೇ ಕೊಯ್ದುಹಾಕಿದರೆ ಎರಡು ನಿಲುವುಗಳ ಕಾಲುಗಳನ್ನು ಹಿಡಿದಿದ್ದ ಕಟ್ಟು ಬಿಚ್ಚಿದಂತಾಗುವುದು. ಚೌಕಟ್ಟು ನಾಲ್ಕು ಮರಗಳದೆಂದು ಶಬ್ದವೇ ಎಚ್ಚರಿಸುತ್ತಿದ್ದಿತು; ಶಬ್ದದ ಅರ್ಥವನ್ನು ಮರೆತವರಿಗೆ ಆ ಎಚ್ಚರಿಕೆಯು ಕೇಳಿಸದು. ಹಳೆಯ ಕದದ ಚೌಕಗಳ ನಡುವೆ ಸೇರಿಸಿದ ಹಲಗೆಗಳು ಸ್ವಲ್ಪ ಸಡಿಲವಾಗಿ ಅಲುಗುವುದನ್ನು ಕಂಡು ಮೊಳೆ ಹೊಡೆದು ಬಿಗಿಯುವವರುಂಟು. ಮಳೆಗಾಲದಲ್ಲಿ ಮರವು ಉಬ್ಬುವುದಕ್ಕೆ ಎಡೆ ಬಿಟ್ಟಿರುವರೆಂದು ಅವರು ಅರಿಯರು. ಮುಂದಿನ ಬೇಸಿಗೆಯಲ್ಲಿ ಹಲಗೆಯು ಸೀಳುವುದು.

ಕಿತ್ತ ದಾರವಂದಗಳ ಗತಿಯನ್ನು ಹೇಳಬೇಕಾಗಿಲ್ಲ. ಹಳೆಯ ಸಾಮಾನಿನ ವ್ಯಾಪಾರಿಗಳು ಅವನ್ನು ಮರದ ಬೆಲೆಗೆ ಕೊಂಡು, ನಗರಗಳಲ್ಲಿ ಅಲಂಕಾರದ ವಸ್ತುಗಳಾಗಿ ಮಾರುವರು. ತಿರುಗಣಿಯಿರುವ ಕದವು ಮೇಜಿನ ಹಲಗೆಯಾಗುವುದು. ಕಿಟಕಿಯ ಚೌಕಟ್ಟು ಕನ್ನಡಿಯ ಕಟ್ಟಾಗುವುದು. ಮರವಾದರೂ ಹೀಗೆ ಎಲ್ಲಿಯೋ ಉಳಿಯಿತೆಂದು ಸಮಾಧಾನಪಡಬಹುದು. ಅದರ ಅಂಗಗಳ ಹೆಸರುಗಳನ್ನು ಮಾತ್ರ ಯಾರೂ ಕೊಂಡುಹೋಗುವುದಿಲ್ಲ.

ಆದುದರಿಂದ ಸದ್ಭಕ್ತರಲ್ಲಿ ಒಂದು ವಿಜ್ಞಾಪನೆ. ತಮ್ಮ ಮನೆಯ ಹಳೆಯ ಬಾಗಿಲನ್ನು ರಿಪೇರಿ ಮಾಡಿಸುವ ಮೊದಲು ಊರಿನ ವೃದ್ಧ ಬಡಗಿಯನ್ನು ಕರೆದು ಅದರ ಒಂದೊಂದು ಅಂಗವನ್ನೂ ಮುಟ್ಟಿಸಿ ಹೆಸರು ಕೇಳಿರಿ. ಅವನು ಹೇಳಿದಂತೆಯೇ, ತಿದ್ದದೆ, ಬರೆದಿಡಿರಿ. ಅವನ ಮಾತು ಕೋಶದ ಮಾತಿಗಿಂತ ಬೇರೆಯಾಗಿದ್ದರೆ ಅದು ತಪ್ಪಲ್ಲ, ಅದೇ ಲಾಭ. ಮಠಗಳ ಜೀರ್ಣೋದ್ಧಾರವನ್ನು ವಹಿಸಿದವರು, ಯಾವ ಮರವನ್ನು ತೆಗೆದೆವು, ಯಾವುದನ್ನು ಉಳಿಸಿದೆವು ಎಂಬುದನ್ನು ಹೆಸರು ಸಹಿತವಾಗಿ ಲೆಕ್ಕಪತ್ರದಲ್ಲಿ ಬರೆದಿಟ್ಟರೆ ಮುಂದಿನ ತಲೆಮಾರಿನವರಿಗೆ ಮಹೋಪಕಾರವಾಗುವುದು. ಕಿಟಕಿಯು ಅತಿಥಿಯಾಗಿ ಬಂದು ಮನೆಯವಳಾದಳು. ಅದು ಸಂತೋಷದ ಸಂಗತಿಯೇ. ಆದರೆ ಮನೆಯವೇ ಆದ ಕದ, ಹೊಸ್ತಿಲು, ತಿರುಗಣಿ, ಅಗುಳಿಗಳು ತಮ್ಮ ಮನೆಯಲ್ಲಿಯೇ ಅಪರಿಚಿತವಾಗಬಾರದು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು? ಅದಕ್ಕೆ ಮೊದಲೇ ಈ ಕಾರ್ಯವು ನಮ್ಮ ಊರೂರುಗಳಲ್ಲಿ ನಡೆಯಲೆಂದು ಹಾರೈಸಿ ಈ ಲೇಖನವನ್ನು ಮುಗಿಸುವೆನು.